ಓದುಗರ ಪ್ರಶ್ನೆಗೆ ಉತ್ತರ: ಊರ ಪಾರ್ಕು, ಮಕ್ಕಳ ಆಟದ ಬಯಲು, ಚಾವಣಿ ಹೊದ್ದ ಸೇತುವೆ

ಯುಗಾದಿ ಕಳೆಯುತ್ತಿದ್ದಂತೆ, ಮಗನ ಮನೆಗೋ ಮಗಳ ಮನೆಗೋ ಎಂದು ಅಮೆರಿಕಕ್ಕೆ ಹೊರಟ ಓದುಗರ ಪತ್ರಗಳು ಈ ಅಂಕಣಕ್ಕೆ ಪ್ರತಿ ವರ್ಷವೂ ಬರುತ್ತವೆ. ಈ ಬಾರಿಯ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇದ್ದವು: ಮನೆಯ ಹತ್ತಿರದ ಪಾರ್ಕು, ಮಕ್ಕಳ ಆಟದ ಬಯಲು, ಮತ್ತು ಆ ಸೀಮೆಯ ಹಳ್ಳಗಳ ಮೇಲೆ ಇಂದಿಗೂ ನಿಂತಿರುವ, ಮನೆಯಂತೆ ಚಾವಣಿ ಹೊದ್ದ ಮರದ ಸೇತುವೆಗಳು. ಕೆಲವು ವರ್ಷಗಳ ಹಿಂದೆ ಮಗನ ಮನೆಯಲ್ಲಿ ಆರು ತಿಂಗಳು ಕಳೆದಾಗ ನಾನು ಮನಸ್ಸಿಟ್ಟು ನೋಡಿದ್ದು ಇವುಗಳನ್ನೇ ಆದ್ದರಿಂದ, ಈ ಸಂಚಿಕೆಯ ಪುಟಗಳನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಏಪ್ರಿಲ್ ಕೊನೆಗೆ ಫಿಲಡೆಲ್ಫಿಯಾ ಬಳಿ ಇರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಮೊಮ್ಮಗಳಿಗೆ ಒಂಬತ್ತು ವರ್ಷ, ಮೊಮ್ಮಗನಿಗೆ ನಾಲ್ಕು. ಮಗಳೂ ಅಳಿಯನೂ ನಯಾಗರ, ನ್ಯೂಯಾರ್ಕ್ ಎಂದು ದೊಡ್ಡ ಪಟ್ಟಿ ಮಾಡಿದ್ದಾರೆ. ನಮ್ಮ ಯಜಮಾನರಿಗೆ ಮಂಡಿನೋವು, ದೂರದ ಪ್ರಯಾಣ ಆಗದು. ಮಗಳು ಒಮ್ಮೆ ಕಳಿಸಿದ ಫೋಟೋದಲ್ಲಿ ಕೆಂಪು ಮನೆಯೊಂದರ ಒಳಗೆ ರಸ್ತೆ ನುಗ್ಗಿ ಹೋದಂತಿತ್ತು. ಅದು ಸೇತುವೆಯಂತೆ. ಹತ್ತಿರದಲ್ಲೇ, ಮಕ್ಕಳೊಂದಿಗೆ ನೋಡುವಂಥದ್ದು ಏನೇನಿದೆ? (ನಿವೃತ್ತ ಶಿಕ್ಷಕಿ, ಸಾಗರ)

ಉತ್ತರ: ತಾವು ಹೋಗುತ್ತಿರುವುದು ಇಂಥ ಸೇತುವೆಗಳ ತವರಿಗೇ. ಅಮೆರಿಕದ ರಾಜ್ಯಗಳಲ್ಲೆಲ್ಲ ಚಾವಣಿ ಹೊದ್ದ ಸೇತುವೆಗಳು ಅತಿ ಹೆಚ್ಚು ಉಳಿದಿರುವುದು ಪೆನ್ಸಿಲ್ವೇನಿಯಾದಲ್ಲಿ. ಇನ್ನೂರಕ್ಕೂ ಮೇಲ್ಪಟ್ಟು ಇವೆ. ಅವುಗಳಲ್ಲಿ ಕೆಲವು ಪಾರ್ಕುಗಳ ಒಳಗೇ ಇರುವುದರಿಂದ, ಯಜಮಾನರು ಬೆಂಚಿನ ಮೇಲೆ ಕುಳಿತಿರುವಾಗ ಮೊಮ್ಮಗ ಉಯ್ಯಾಲೆಯಾಡಬಹುದು, ತಾವೂ ಮೊಮ್ಮಗಳೂ ಸೇತುವೆಯವರೆಗೆ ನಡೆದು ಬರಬಹುದು.

ಮೊದಲು ನಗರದ ಒಳಗಿನದ್ದನ್ನೇ ಹೇಳುತ್ತೇನೆ. ಫಿಲಡೆಲ್ಫಿಯಾದ ವಾಯವ್ಯ ಭಾಗದಲ್ಲಿ ವಿಸಾಹಿಕನ್ ಎಂಬ ತೊರೆ ಕಾಡಿನ ಕಣಿವೆಯೊಂದರಲ್ಲಿ ಹರಿಯುತ್ತದೆ. ಅದರ ದಂಡೆಯ ಜಲ್ಲಿಹಾದಿಯಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಆ ನಿಷೇಧವೇ ಹಾದಿಯ ಹೆಸರೂ ಆಗಿ ಅದನ್ನು ‘ಫರ್ಬಿಡನ್ ಡ್ರೈವ್’ ಎಂದು ಕರೆಯುತ್ತಾರೆ. ಈ ಹಾದಿಯ ಪಕ್ಕದಲ್ಲಿ, 1855ರಲ್ಲಿ ಕಟ್ಟಿದ ಥಾಮಸ್ ಮಿಲ್ ಸೇತುವೆ ತೊರೆಯನ್ನು ದಾಟುತ್ತದೆ. ಅಮೆರಿಕದ ದೊಡ್ಡ ನಗರವೊಂದರ ಎಲ್ಲೆಯೊಳಗೆ ಉಳಿದಿರುವ ಚಾವಣಿ ಸೇತುವೆ ಇದೊಂದೇ. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಕೆಲಸವಿಲ್ಲದವರಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಡಿ ಇದರ ಜೀರ್ಣೋದ್ಧಾರವಾಯಿತು. ಹಾದಿ ಸಮತಟ್ಟಾಗಿದ್ದು, ತಳ್ಳುಗಾಡಿಯನ್ನೂ ಸುಲಭವಾಗಿ ತಳ್ಳಿಕೊಂಡು ಹೋಗಬಹುದು.

ಅದೇ ನಗರದ ಫೇರ್‌ಮೌಂಟ್ ಪಾರ್ಕಿನಲ್ಲಿ, 1899ರಲ್ಲಿ ಆರಂಭವಾದ ಸ್ಮಿತ್ ಸ್ಮಾರಕ ಆಟದ ಬಯಲು ಇದೆ. ಮಗನನ್ನು ಕಳೆದುಕೊಂಡ ದಂಪತಿಗಳು, ಅವನ ನೆನಪು ಊರಿನ ಮಕ್ಕಳ ಆಟದಲ್ಲಿ ಉಳಿಯಲಿ ಎಂದು ಬಿಟ್ಟುಹೋದ ಜಾಗ ಅದು. ಅಲ್ಲಿರುವ ಮರದ ಜಾರುಬಂಡೆಗೆ ನೂರು ವರ್ಷ ಮೀರಿದೆ. ಅದು ನಮ್ಮ ಪಾರ್ಕುಗಳಲ್ಲಿ ಕಾಣುವ ಒಬ್ಬೊಬ್ಬರೇ ಜಾರುವ ತಗಡಿನ ಬಂಡೆಯಂತಲ್ಲ. ಚಾವಣಿಯ ಕೆಳಗೆ ಚಾಚಿಕೊಂಡಿರುವ, ಹಲವು ಮಕ್ಕಳು ಅಕ್ಕಪಕ್ಕದಲ್ಲಿ ಕುಳಿತು ಒಟ್ಟಿಗೇ ಜಾರಬಹುದಾದ ಅಗಲವಾದ ಹಲಗೆಹಾಸು. ಮಕ್ಕಳು ಗೋಣಿಚೀಲವೊಂದನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಾರೆ, ಅದನ್ನು ಹಾಸಿ ಕುಳಿತು ಕೆಳಗೆ ಬರುತ್ತಾರೆ. ಎಷ್ಟೋ ತಲೆಮಾರಿನ ಮಕ್ಕಳು ಜಾರಿದ ಆ ಹಲಗೆ ದೇವಸ್ಥಾನದ ಹೊಸ್ತಿಲಿನಂತೆ ನುಣುಪಾಗಿದೆ. ಹನ್ನೆರಡು ವರ್ಷದೊಳಗಿನವರಿಗೆ ಮಾತ್ರ ಅವಕಾಶವಿರುವುದರಿಂದ ತಮ್ಮ ಮೊಮ್ಮಕ್ಕಳಿಬ್ಬರೂ ಆಡಬಹುದು. ಪ್ರವೇಶಕ್ಕೆ ಹಣವಿಲ್ಲ, ತೆರೆದಿರುವ ದಿನ ಮತ್ತು ವೇಳೆಯನ್ನು ಮಾತ್ರ ಮಗಳಿಂದ ಮೊದಲೇ ವಿಚಾರಿಸಿಕೊಳ್ಳಿ.

ಭಾನುವಾರ ಕಾರಿನಲ್ಲಿ ಸ್ವಲ್ಪ ದೂರ ಹೋಗುವುದಾದರೆ ವ್ಯಾಲಿ ಫೋರ್ಜ್ ರಾಷ್ಟ್ರೀಯ ಉದ್ಯಾನವಿದೆ. 1777–78ರ ಚಳಿಗಾಲವನ್ನು ಜಾರ್ಜ್ ವಾಷಿಂಗ್ಟನ್ನರ ಸೈನ್ಯ ಹಸಿವು, ಕಾಯಿಲೆಗಳ ನಡುವೆ ಕಳೆದ ಬಯಲು ಅದು. ಸೈನಿಕರು ಇರುತ್ತಿದ್ದ ದಿಮ್ಮಿಯ ಗುಡಿಸಲುಗಳ ಮಾದರಿಗಳನ್ನು ಅಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಅದರ ಅಂಚಿನಲ್ಲಿ 1865ರ ನಾಕ್ಸ್ ಸೇತುವೆ ಇದೆ. ಇನ್ನೊಂದು ದಿಕ್ಕಿನಲ್ಲಿ ಬಕ್ಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ನ್ಯೂಟೌನ್ ಬಳಿ ಟೈಲರ್ ಸ್ಟೇಟ್ ಪಾರ್ಕ್ ಇದ್ದು, ಅಲ್ಲಿಯ ಸ್ಕೋಫೀಲ್ಡ್ ಫೋರ್ಡ್ ಸೇತುವೆಯ ಕಥೆಯನ್ನು ಕೆಳಗೆ ಮತ್ತೊಬ್ಬ ಓದುಗರಿಗೆ ಹೇಳಿದ್ದೇನೆ. ಅದೇ ಕೌಂಟಿಯ ಪರ್ಕಸಿ ಎಂಬ ಊರಿನ ಲೆನಾಪಿ ಪಾರ್ಕಿನ ಸೇತುವೆ 1832ರದ್ದು. ರಸ್ತೆಗೆ ಅದು ಬೇಡವಾದಾಗ ಊರಿನವರು ಕೆಡವಲು ಬಿಡದೆ, 1958ರಲ್ಲಿ ಇಡೀ ಸೇತುವೆಯನ್ನೇ ಎತ್ತಿ ಪಾರ್ಕಿಗೆ ಸಾಗಿಸಿದರು. 2021ರ ಐಡಾ ಚಂಡಮಾರುತದ ನೆರೆ ಅದನ್ನು ಕಟ್ಟೆಯಿಂದ ಕದಲಿಸಿತು. ಅದನ್ನು ಮತ್ತೆ ನಿಲ್ಲಿಸುವ ಕೆಲಸಕ್ಕೆ ಊರು ಕೈಹಾಕಿತು. ಆದ್ದರಿಂದ ಹೊರಡುವ ಮುನ್ನ ಈಗಿನ ಸ್ಥಿತಿಯನ್ನು ಕೇಳಿಕೊಳ್ಳುವುದು ಒಳ್ಳೆಯದು.

ನಯಾಗರವನ್ನು ಬಿಡಿ ಎಂದು ನಾನು ಹೇಳಲಾರೆ. ಆದರೆ ಮಕ್ಕಳು ಶಾಲೆ ಬಿಟ್ಟು ಬಂದ ಮೇಲೆ ಸಂಜೆ ಎಂಟರವರೆಗೂ ಬೆಳಕಿರುವ ಆ ಬೇಸಿಗೆಯ ದಿನಗಳಲ್ಲಿ, ಮನೆಯಿಂದ ನಡೆದು ಹೋಗಬಹುದಾದ ಚಿಕ್ಕ ಪಾರ್ಕು ತಮಗೆ ಎಲ್ಲಕ್ಕಿಂತ ಹತ್ತಿರವಾಗುತ್ತದೆ. ಅಲ್ಲಿ ತಮ್ಮಂತೆಯೇ ಬಂದ ತೆಲುಗಿನ, ತಮಿಳಿನ, ಗುಜರಾತಿನ ಅಜ್ಜ ಅಜ್ಜಿಯರು ಸಿಗುತ್ತಾರೆ; ಮೂರನೆಯ ವಾರಕ್ಕೆ ಯಾರ ಮೊಮ್ಮಗು ಯಾವುದು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಪ್ರಶ್ನೆ: ಮರದ ಸೇತುವೆಗೆ ಚಾವಣಿ ಯಾಕೆ? ರಸ್ತೆಯ ಮೇಲೆ ಹಿಮ ಬೀಳಬಾರದೆಂದು ಹಾಕಿದ್ದು ಎಂದು ಒಂದು ವಿಡಿಯೊದಲ್ಲಿ ಹೇಳಿದರು. ಕುದುರೆಗಳು ನೀರು ಕಂಡು ಬೆದರದಿರಲಿ ಎಂದು ಇನ್ನೊಂದರಲ್ಲಿ ಹೇಳಿದರು. ಯಾವುದು ಸರಿ? (ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ, ಹಾಸನ)

ಉತ್ತರ: ಹಿಮದ ಮಾತು ಸರಿಯಲ್ಲ. ನಿಜ ಹೇಳಬೇಕೆಂದರೆ ನಡೆಯುತ್ತಿದ್ದುದು ಅದಕ್ಕೆ ತದ್ವಿರುದ್ಧ. ಚಳಿಗಾಲದಲ್ಲಿ ಜನ ಚಕ್ರದ ಗಾಡಿ ಬಿಟ್ಟು ಹಿಮದ ಮೇಲೆ ಜಾರುವ ಬಂಡಿಗಳಲ್ಲಿ ಓಡಾಡುತ್ತಿದ್ದರು. ಚಾವಣಿಯ ಕೆಳಗಿನ ಒಣ ಹಲಗೆಯ ಮೇಲೆ ಆ ಬಂಡಿಗಳು ಜಾರುವುದಿಲ್ಲವಾದ್ದರಿಂದ, ಹೊರಗಿನ ಹಿಮವನ್ನು ಸಲಿಕೆಯಲ್ಲಿ ತಂದು ಸೇತುವೆಯ ಒಳಗೆ ಹರಡಲು ಊರುಗಳು ಕೂಲಿ ಕೊಡುತ್ತಿದ್ದವು. ಕುದುರೆಗಳಿಗೆ ಕೊಟ್ಟಿಗೆಯೊಳಗೆ ಹೊಕ್ಕಂತೆ ಅನಿಸಿ ಅವು ಬೆದರದೆ ನಡೆದಿರಬಹುದು, ಆದರೆ ಅಷ್ಟಕ್ಕಾಗಿ ಯಾರೂ ಹಣ ಸುರಿದು ಚಾವಣಿ ಕಟ್ಟುವುದಿಲ್ಲ.

ಚಾವಣಿ ಇರುವುದು ದಾರಿಹೋಕರಿಗಾಗಿ ಅಲ್ಲ, ಸೇತುವೆಯ ಮರಕ್ಕಾಗಿ. ನಿಮ್ಮ ಜಿಲ್ಲೆಯ ಸಕಲೇಶಪುರದ ಕಡೆಯ ಕಾಲುಸಂಕಗಳನ್ನು ನೆನಪಿಸಿಕೊಳ್ಳಿ. ಹಳ್ಳಕ್ಕೆ ಅಡ್ಡಲಾಗಿ ಮರದ ದಿಮ್ಮಿಯನ್ನೋ ಅಡಿಕೆ ಮರವನ್ನೋ ಹಾಕುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕುಂಬಾಗಿ, ಕಾಲಿಟ್ಟರೆ ಪುಡಿಯುದುರುತ್ತದೆ. ಮರವನ್ನು ಕುಂಬಾಗಿಸುವ ಶಿಲೀಂಧ್ರಕ್ಕೆ ತೇವ ಬೇಕು. ಮರದ ತೇವಾಂಶ ಶೇಕಡಾ 20ಕ್ಕಿಂತ ಕೆಳಗೇ ಉಳಿದರೆ ಅದು ಬೆಳೆಯಲಾರದು. ನೀರು ಮೊದಲು ಸೇರಿಕೊಳ್ಳುವುದು ಕೀಲುಗಳಲ್ಲಿ, ಅಂದರೆ ಒಂದು ತೊಲೆ ಇನ್ನೊಂದರೊಳಗೆ ಹೊಕ್ಕು ಕುಳಿತ ಸಂದಿಗಳಲ್ಲಿ. ಸೇತುವೆಯ ಭಾರವೆಲ್ಲ ಹರಿಯುವುದೂ ಆ ಕೀಲುಗಳ ಮೂಲಕವೇ. ತುಳಿದು ಸವೆದ ನೆಲಹಲಗೆಯನ್ನು ಕೆಲವೇ ದಿನದಲ್ಲಿ ಬದಲಿಸಬಹುದು. ಎರಡು ಬದಿಗಳಲ್ಲಿ ನಿಂತು ಭಾರ ಹೊರುವ ಟ್ರಸ್ಸು ಕೆಟ್ಟರೆ ಸೇತುವೆಯೇ ಹೋಯಿತು. ಆದ್ದರಿಂದ ಬದಿಗೆ ಹಲಗೆ ಹೊಡೆದು ಗೋಡೆ ಮಾಡಿ, ಮೇಲೆ ಮಾಡು ಹೊದಿಸಿದರು. ಮಲೆನಾಡಿನಲ್ಲಿ ಮಣ್ಣಿನ ಗೋಡೆಗೆ ಇರಚಲು ಹೊಡೆಯದಿರಲೆಂದು ಮಳೆಗಾಲಕ್ಕೆ ಮುನ್ನ ಸೋಗೆಯ ತಟ್ಟಿ ಕಟ್ಟುವುದರ ಹಿಂದಿನ ಲೆಕ್ಕವೇ ಇದರ ಹಿಂದೆಯೂ ಇದೆ.

ಈ ಲೆಕ್ಕವನ್ನು ಅಮೆರಿಕದಲ್ಲಿ ಮೊದಲು ಜಾರಿಗೆ ತಂದದ್ದೂ ಫಿಲಡೆಲ್ಫಿಯಾದಲ್ಲೇ. ಅಲ್ಲಿಯ ಸ್ಕೂಲ್‌ಕಿಲ್ ನದಿಗೆ ಟಿಮೊಥಿ ಪಾಮರ್ ಎಂಬ ಸೇತುವೆಗಾರ ಮೂರು ಕಮಾನುಗಳ ಮರದ ಸೇತುವೆಯೊಂದನ್ನು ಕಟ್ಟಿದ್ದ. ‘ಪರ್ಮನೆಂಟ್ ಬ್ರಿಡ್ಜ್’ ಎಂಬ ಹೆಸರಿನ ಅದು 1805ರಲ್ಲಿ ಸಂಚಾರಕ್ಕೆ ತೆರೆಯಿತು. ಕಟ್ಟಿಸಿದ ಕಂಪನಿಯ ಅಧ್ಯಕ್ಷರಾಗಿದ್ದ ನ್ಯಾಯಾಧೀಶ ರಿಚರ್ಡ್ ಪೀಟರ್ಸ್ ಅದಕ್ಕೆ ಚಾವಣಿ ಹೊದಿಸಬೇಕೆಂದು ಹಟ ಹಿಡಿದರು. ಬಿಸಿಲು ಮಳೆಗೆ ತೆರೆದಿಟ್ಟ ಸೇತುವೆ ಹತ್ತು ಹನ್ನೆರಡು ವರ್ಷ ಬಾಳಿದರೆ, ಹೊದಿಸಿದ್ದು ಮೂವತ್ತು ನಲವತ್ತು ವರ್ಷ ಬಾಳೀತು ಎಂಬುದು ಪಾಮರನ ಅಂದಾಜಾಗಿತ್ತು. ಅವನು ಹೇಳಿದ್ದು ಎಷ್ಟು ಕಡಿಮೆ ಎಂಬುದಕ್ಕೆ, ಮುಂದೆ ಅದೇ ಬಗೆಯಲ್ಲಿ ಕಟ್ಟಿ ನೂರೈವತ್ತು ವರ್ಷ ದಾಟಿ ನಿಂತಿರುವ ಸೇತುವೆಗಳೇ ಸಾಕ್ಷಿ.

ನೀವು ವಿದ್ಯಾರ್ಥಿಯಾದ್ದರಿಂದ ಒಳಗೆ ಏನು ನೋಡಬೇಕೆಂಬುದನ್ನೂ ಹೇಳುತ್ತೇನೆ. ಎಂದಾದರೂ ಹೋದಾಗ ಉಪಯೋಗಕ್ಕೆ ಬಂದೀತು. ಹೊರಗಿನಿಂದ ಎಲ್ಲವೂ ಕೆಂಪು ಬಣ್ಣ ಬಳಿದ ಉದ್ದನೆಯ ಕೊಟ್ಟಿಗೆಗಳಂತೆ ಕಾಣುತ್ತವೆ, ಅವುಗಳ ಗುರುತು ಸಿಗುವುದು ಒಳಗೆ ನಿಂತಾಗ. ಬದಿಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬಿಲ್ಲಿನಂತೆ ಬಾಗಿದ ದಪ್ಪ ತೊಲೆ ಕಂಡರೆ ಅದು ಥಿಯೊಡರ್ ಬರ್ ಎಂಬಾತನ ಮಾದರಿ. ಆತ 1817ರಲ್ಲಿ ಪೇಟೆಂಟ್ ಪಡೆದ ಈ ಬಗೆಯಲ್ಲಿ ಕಮಾನೂ ಟ್ರಸ್ಸೂ ಒಂದಕ್ಕೊಂದು ಹೆಗಲು ಕೊಟ್ಟು ಭಾರ ಹೊರುತ್ತವೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಸೇತುವೆಗಳು ಬಹುಪಾಲು ಇಂಥವು. ಕಮಾನಿಲ್ಲದೆ ಬದಿಯೆಲ್ಲ ಹಲಗೆಗಳು ಓರೆಯಾಗಿ ಒಂದನ್ನೊಂದು ಕತ್ತರಿಸಿ ದೊಡ್ಡ ಜಾಲಂದ್ರದಂತೆ ಹೆಣೆದುಕೊಂಡಿದ್ದರೆ, ಅದು 1820ರಲ್ಲಿ ಇಥಿಯಲ್ ಟೌನ್ ಎಂಬ ವಾಸ್ತುಶಿಲ್ಪಿ ಪೇಟೆಂಟ್ ಪಡೆದ ಮಾದರಿ. ಓರೆ ಹಲಗೆಗಳ ನಡುವೆ ನೆಟ್ಟಗೆ ನಿಂತ ಕಬ್ಬಿಣದ ಸರಳುಗಳು ಕಂಡರೆ ಅದು 1840ರ ವಿಲಿಯಂ ಹೌ ಮಾದರಿ; ಮರ ಕುಗ್ಗಿ ಕೀಲು ಸಡಿಲವಾದರೆ ಸರಳಿನ ತುದಿಯ ನಟ್ಟನ್ನು ತಿರುಗಿಸಿ ಮತ್ತೆ ಬಿಗಿಮಾಡಬಹುದು. ಮರದ ಸೇತುವೆಯಿಂದ ಕಬ್ಬಿಣದ ಸೇತುವೆಗೆ ಇಟ್ಟ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು.

ಈ ಮೂರರಲ್ಲಿ ನನ್ನ ಮನಸ್ಸು ಹೆಚ್ಚು ಒಲಿಯುವುದು ಟೌನ್ ಮಾದರಿಗೆ. ಅದಕ್ಕೆ ದೊಡ್ಡ ತೊಲೆಗಳು ಬೇಕಾಗಿರಲಿಲ್ಲ, ಊರಿನ ಗರಗಸದ ಗಿರಣಿಯಲ್ಲಿ ಸಿಗುವ ಮೂರು ಅಂಗುಲ ದಪ್ಪದ ಹಲಗೆ ಸಾಕಾಗುತ್ತಿತ್ತು. ಮಹಾ ಕುಶಲಿಗಳೂ ಬೇಕಾಗಿರಲಿಲ್ಲ, ತೂತು ಕೊರೆದು ಗೂಟ ಹೊಡೆಯಬಲ್ಲ ಬಡಗಿಗಳು ಸಾಕಾಗಿದ್ದರು. ಹಲಗೆಗಳು ಒಂದನ್ನೊಂದು ದಾಟುವ ಪ್ರತಿ ಜಾಗದಲ್ಲೂ ಓಕ್ ಮರದ ಗೂಟಗಳು ಎದ್ದು ಕಾಣುತ್ತವೆ. ಹೆಬ್ಬೆರಳಿಗಿಂತ ದಪ್ಪನೆಯ ಅವುಗಳ ತಲೆಯ ಮೇಲೆ ಕೊಡತಿಯ ಪೆಟ್ಟಿಗೆ ನಾರು ಬಿರಿದ ಗುರುತು ಇನ್ನೂ ಇದೆ. ಮಧ್ಯಾಹ್ನದ ಹೊತ್ತು ಒಳಗೆ ನಿಂತರೆ ಬದಿಹಲಗೆಗಳ ಸಂದಿಯಿಂದ ಬಿಸಿಲಿನ ಗೆರೆಗಳು ನೆಲದ ಮೇಲೆ ಬೀಳುತ್ತವೆ, ಕೆಳಗಿನ ನೀರಿನ ಹೊಳಪು ಮಾಡಿನ ಒಳಮೈಯಲ್ಲಿ ತುಯ್ದಾಡುತ್ತದೆ. ಒಣಮರ, ಧೂಳು, ಹಳ್ಳದ ತಂಪು ಬೆರೆತ ವಾಸನೆ ನಮ್ಮ ಹಳೆಯ ಅಟ್ಟಗಳ ವಾಸನೆಯಂತೆಯೇ ಇರುತ್ತದೆ.

ಪ್ರಶ್ನೆ: ಅಲ್ಲಿಯ ಪಾರ್ಕುಗಳಿಗೆ ಟಿಕೆಟ್ ಇದೆಯೇ? ಮನೆಯಿಂದ ಬುತ್ತಿ ಒಯ್ಯಬಹುದೇ? (ಗೃಹಿಣಿ, ದಾವಣಗೆರೆ)

ಉತ್ತರ: ಊರಿನ ಪಾರ್ಕುಗಳಿಗೂ, ಪೆನ್ಸಿಲ್ವೇನಿಯಾದ ಸ್ಟೇಟ್ ಪಾರ್ಕುಗಳಿಗೂ, ವ್ಯಾಲಿ ಫೋರ್ಜಿಗೂ ಪ್ರವೇಶ ಶುಲ್ಕವಿಲ್ಲ, ಬೇರೆ ಕೆಲವು ರಾಜ್ಯಗಳ ಸ್ಟೇಟ್ ಪಾರ್ಕುಗಳಲ್ಲಿ ಕಾರಿಗೆ ಇಷ್ಟು ಎಂದು ಕೊಡಬೇಕಾಗುತ್ತದೆ. ಬುತ್ತಿಯನ್ನು ಅವಶ್ಯವಾಗಿ ಒಯ್ಯಿರಿ, ಮೇಜು ಬೆಂಚುಗಳನ್ನು ಅದಕ್ಕಾಗಿಯೇ ಹಾಕಿರುತ್ತಾರೆ. ಚಿತ್ರಾನ್ನ, ಚಪಾತಿ ಪಲ್ಯ, ಮೊಸರನ್ನ ಇಂಥವು ಒಳ್ಳೆಯವು. ಚಾವಣಿಯಿರುವ ದೊಡ್ಡ ಊಟದ ಮಂಟಪಗಳನ್ನು ಮಾತ್ರ ಹುಟ್ಟುಹಬ್ಬ, ಕೂಟಗಳಿಗೆಂದು ಮೊದಲೇ ಕಾದಿರಿಸಿರುತ್ತಾರೆ. ಕಂಬಕ್ಕೆ ಅಂಟಿಸಿದ ಚೀಟಿ ನೋಡಿ ಕುಳಿತುಕೊಳ್ಳಿ. ಬಹುತೇಕ ಪಾರ್ಕುಗಳು ಸೂರ್ಯ ಮುಳುಗುವ ಹೊತ್ತಿಗೆ ಮುಚ್ಚುತ್ತವೆ.

ಪ್ರಶ್ನೆ: ಮೊಮ್ಮಗನನ್ನು ದಿನವೂ ಆಟದ ಬಯಲಿಗೆ ಕರೆದೊಯ್ಯುವ ಜವಾಬ್ದಾರಿ ನನ್ನ ಮೇಲೆ ಬೀಳಲಿದೆ. ಪರದೇಶದ ರೀತಿ ನೀತಿ ಗೊತ್ತಿಲ್ಲ. ಏನೇನು ಎಚ್ಚರ ವಹಿಸಬೇಕು? (ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು)

ಉತ್ತರ: ಆಟದ ಬಯಲಿನ ಬೋರ್ಡನ್ನು ಮೊದಲು ಓದಿ. ಎರಡರಿಂದ ಐದು ವರ್ಷದವರಿಗೆ ಒಂದು ಭಾಗ, ಐದರಿಂದ ಹನ್ನೆರಡರವರಿಗೆ ಇನ್ನೊಂದು ಭಾಗ ಎಂದು ಬೇರೆ ಮಾಡಿರುತ್ತಾರೆ. ಚಿಕ್ಕವನು ದೊಡ್ಡವರ ಏಣಿ ಹತ್ತುತ್ತೇನೆಂದು ಹಟ ಮಾಡಿದರೆ ಬಿಡಬೇಡಿ. ಕೆಳಗೆ ಮರದ ಚಕ್ಕೆಯನ್ನೋ ರಬ್ಬರನ್ನೋ ದಪ್ಪನಾಗಿ ಹಾಸಿರುವುದು ಬಿದ್ದಾಗ ಪೆಟ್ಟು ತಗ್ಗಲೆಂದು. ಬಿಸಿಲೇರಿದ ಮೇಲೆ ಜಾರುಬಂಡೆಯನ್ನು ಕೈಯಿಂದ ಮುಟ್ಟಿ ನೋಡಿಯೇ ಮಗುವನ್ನು ಕೂರಿಸಿ. ಪ್ಲಾಸ್ಟಿಕ್ ಆದರೂ ಜುಲೈ ತಿಂಗಳಲ್ಲಿ ತೊಡೆ ಸುಡುವಷ್ಟು ಕಾಯುತ್ತದೆ. ಉಯ್ಯಾಲೆಗೆ ಸರದಿ ಕಾಯುವುದನ್ನು ಅಲ್ಲಿಯ ಮಕ್ಕಳಿಗೆ ತೀರ ಎಳೆಯ ವಯಸ್ಸಿನಲ್ಲೇ ಕಲಿಸಿರುತ್ತಾರೆ. ಇನ್ನೊಂದು ಮಾತು: ಮುದ್ದಾಗಿದೆ ಎಂದು ಪರರ ಮಗುವನ್ನು ಎತ್ತಿಕೊಳ್ಳುವುದು, ಫೋಟೊ ತೆಗೆಯುವುದು, ತಿಂಡಿ ಕೊಡುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ, ಅಲ್ಲಿ ತಂದೆ ತಾಯಿಯನ್ನು ಕೇಳದೆ ಹಾಗೆ ಮಾಡಿದರೆ ಅವರು ಗಾಬರಿಯಾಗುತ್ತಾರೆ. ಕೆಲವು ಮಕ್ಕಳಿಗೆ ಕಡಲೆಕಾಯಿಯ ಅಲರ್ಜಿ ಎಷ್ಟು ತೀವ್ರವಾಗಿರುತ್ತದೆ ಎಂದರೆ ಒಂದು ಚಿಕ್ಕಿಯ ಚೂರೂ ಪ್ರಾಣಕ್ಕೆ ಅಪಾಯ ತರಬಹುದು.

ಸೇತುವೆ, ತೊರೆ ಎಂದು ಹುಲ್ಲಿನಲ್ಲಿ, ಪೊದೆಯ ಪಕ್ಕದಲ್ಲಿ ಅಡ್ಡಾಡುವವರು ಇನ್ನೆರಡು ವಿಷಯ ತಿಳಿದಿರಬೇಕು. ಮೊದಲನೆಯದು ಉಣ್ಣೆ, ಮಲೆನಾಡಿನವರು ಉಣುಗು ಎನ್ನುವ ಹುಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಆ ಊರಿನ ಹೆಸರನ್ನೇ ಪಡೆದ ಮಂಗನ ಕಾಯಿಲೆ ಉಣ್ಣೆಯಿಂದ ಹರಡುವುದು ನಮಗೆ ಗೊತ್ತು. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಉಣ್ಣೆಯಿಂದ ಹರಡುವುದು ಲೈಮ್ ಕಾಯಿಲೆ. ಅದಕ್ಕೂ ಕನೆಕ್ಟಿಕಟ್‌ನ ಲೈಮ್ ಎಂಬ ಊರಿನಿಂದಲೇ ಹೆಸರು ಬಂದಿದೆ. ನಮ್ಮದು ವೈರಸ್‌ನಿಂದ ಬರುವಂಥದ್ದು, ಅವರದ್ದು ಬ್ಯಾಕ್ಟೀರಿಯದಿಂದ. ಆದ್ದರಿಂದ ಬೇಗ ಗುರುತಿಸಿದರೆ ಆ್ಯಂಟಿಬಯಾಟಿಕ್ ಔಷಧಿಯಿಂದ ವಾಸಿಯಾಗುತ್ತದೆ. ಕಾಲು ಮುಚ್ಚುವ ಉಡುಪು, ಕಾಲುಚೀಲ ಹಾಕಿಕೊಳ್ಳಿ. ಮನೆಗೆ ಬಂದೊಡನೆ ಮಗುವಿನ ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ, ತಲೆಗೂದಲು ಇವನ್ನೆಲ್ಲ ಸವರಿ ನೋಡಿ; ಎಳೆಯ ಉಣ್ಣೆ ಗಸಗಸೆಯ ಕಾಳಿನಷ್ಟೇ ಇರುತ್ತದೆ. ಕಚ್ಚಿಕೊಂಡಿದ್ದರೆ ಸಣ್ಣ ಚಿಮ್ಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಕೂಡದು. ಮುಂದಿನ ದಿನಗಳಲ್ಲಿ ಅಲ್ಲಿ ಕೆಂಪು ವೃತ್ತ ಹರಡಿದರೆ, ಜ್ವರ ಬಂದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ನನ್ನ ಕಾಲುಚೀಲದ ಮೇಲೇ ಒಮ್ಮೆ ಒಂದು ಹರಿಯುತ್ತಿದ್ದುದನ್ನು ಮೊಮ್ಮಗಳು ಕಂಡು ಕೂಗಿದಳು. ಶಾಲೆಯಲ್ಲಿ ಕಲಿಸಿದ್ದರಿಂದ ಅವಳಿಗೆ ಅದರ ಗುರುತಿತ್ತು.

ಎರಡನೆಯದು ಪಾಯ್ಸನ್ ಐವಿ ಎಂಬ ಬಳ್ಳಿ. ಒಂದೊಂದು ತೊಟ್ಟಿಗೆ ಮೂರು ಮೂರು ಎಲೆ. ಹಳೆಯ ಕಟ್ಟೆ, ಬೇಲಿ, ಮರದ ಬುಡಗಳಿಗೆ ಹಬ್ಬಿರುತ್ತದೆ, ಸೇತುವೆಯ ಕಲ್ಲುಕಟ್ಟೆಗೂ ಹಬ್ಬಿರಬಹುದು. ತಾಗಿದರೆ ಮೈ ತುರಿಸಿ ಬೊಬ್ಬೆ ಏಳುತ್ತದೆ. ನಮ್ಮ ಗೇರಿನ ಕುಟುಂಬಕ್ಕೇ ಸೇರಿದ ಗಿಡವಾದ್ದರಿಂದ, ಗೇರು ಸೊನೆ ತಾಗಿ ಮೈ ಸುಟ್ಟುಕೊಂಡವರಿಗೆ ಅದರ ಉರಿ ಎಂಥದ್ದೆಂದು ಬೇರೆ ಹೇಳಬೇಕಿಲ್ಲ. ತಾಗಿದ ಕೂಡಲೇ ಸೋಪು ನೀರಿನಿಂದ ತೊಳೆಯಿರಿ, ಬಟ್ಟೆಯನ್ನೂ ಒಗೆಯಿರಿ.

ಪ್ರಶ್ನೆ: ಈ ಸೇತುವೆಗಳಲ್ಲಿ ಹಲವು ಸುಟ್ಟುಹೋಗಿ, ಕೊಚ್ಚಿಹೋಗಿ, ಮತ್ತೆ ಕಟ್ಟಿದವು ಎಂದು ಓದಿದ್ದೇನೆ. ಹೊಸ ಮರದಿಂದ ಕಟ್ಟಿದ್ದನ್ನು ಐತಿಹಾಸಿಕ ಎನ್ನುವುದು ಹೇಗೆ? (ಉಪನ್ಯಾಸಕ, ಬಂಟ್ವಾಳ)

ಉತ್ತರ: ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಟೈಲರ್ ಪಾರ್ಕಿನ ಸ್ಕೋಫೀಲ್ಡ್ ಫೋರ್ಡ್ ಸೇತುವೆಯನ್ನು 1991ರಲ್ಲಿ ಕಿಡಿಗೇಡಿಗಳು ಸುಟ್ಟರು. ಉಳಿದದ್ದು ಕಲ್ಲಿನ ಕಟ್ಟೆಗಳು ಮಾತ್ರ. ಸುತ್ತಮುತ್ತಲಿನವರು ಹಣ ಕೂಡಿಸಿ, ಸ್ವಯಂಸೇವಕರ ಕೈಯಿಂದಲೇ, ಅದೇ ಕಟ್ಟೆಗಳ ಮೇಲೆ ಅದೇ ಟೌನ್ ಮಾದರಿಯ ಜಾಲಂದ್ರವನ್ನು ಹೆಣೆದು 1997ರಲ್ಲಿ ಮತ್ತೆ ನಿಲ್ಲಿಸಿದರು. ಲ್ಯಾಂಕಾಸ್ಟರಿನ ಹನ್ಸೆಕರ್ಸ್ ಮಿಲ್ ಸೇತುವೆಯನ್ನು 1972ರ ಆಗ್ನೆಸ್ ಚಂಡಮಾರುತದ ನೆರೆ ಒಯ್ದಿತು. ಮುಂದೆ ಅದನ್ನು ಮತ್ತೆ ಕಟ್ಟಿದರು. 2011ರ ಆಗಸ್ಟಿನಲ್ಲಿ ಐರೀನ್ ಚಂಡಮಾರುತ ಬಂದಾಗ ನ್ಯೂಯಾರ್ಕ್ ರಾಜ್ಯದಲ್ಲಿ ಬ್ಲೆನ್‌ಹೈಮ್ ಸೇತುವೆ ಹೋಯಿತು. 1855ರಲ್ಲಿ ನಿಕೊಲಸ್ ಪವರ್ಸ್ ಕಟ್ಟಿದ್ದ ಆ ಸೇತುವೆ, ನಡುವೆ ಒಂದೂ ಕಂಬವಿಲ್ಲದೆ ಇನ್ನೂರು ಅಡಿಗೂ ಮೀರಿದ ಒಂದೇ ಕಣ್ಣಿನಲ್ಲಿ ನದಿಯನ್ನು ದಾಟುತ್ತಿತ್ತು. ಅದೇ ಮಳೆಗೆ ವರ್ಮಾಂಟ್‌ನ ಬಾರ್ಟನ್ಸ್‌ವಿಲ್ ಸೇತುವೆಯೂ ಹೋಯಿತು. ಎರಡನ್ನೂ ಮತ್ತೆ ಕಟ್ಟಿದ್ದಾರೆ.

ಇವು ಹಳೆಯ ಸೇತುವೆಗಳೇ ಎಂದು ವಾದಿಸಲು ನಾನು ಸಿದ್ಧನಿಲ್ಲ. 1855ರ ಕೊಡಲಿಯ ಗುರುತುಳ್ಳ ತೊಲೆ ನದಿಯ ಪಾಲಾದ ಮೇಲೆ ಅದು ಮರಳಿ ಬರುವುದಿಲ್ಲ, ಆ ನಷ್ಟವನ್ನು ನಷ್ಟವೆಂದೇ ಒಪ್ಪಬೇಕು. ಆದರೆ ತಮ್ಮ ಸೀಮೆಯಲ್ಲಿ ದೇವಸ್ಥಾನದ ತೇರನ್ನು ನೆನೆಯಿರಿ. ಒಂದು ತಲೆಮಾರಿನಲ್ಲಿ ಅಚ್ಚು ಬದಲಾಗುತ್ತದೆ, ಇನ್ನೊಂದರಲ್ಲಿ ಗಾಲಿ, ಮತ್ತೊಂದರಲ್ಲಿ ಅಡ್ಡೆ. ಕೆಲವೊಮ್ಮೆ ತೇರೇ ಹೊಸದಾಗುತ್ತದೆ. ಆದರೂ ಅದನ್ನು ಎಳೆಯುವ ಬೀದಿ ಅದೇ, ಕೆತ್ತುವ ಅಳತೆ ಅದೇ, ಮಳೆಗಾಲಕ್ಕೆ ಅದನ್ನು ಕೊಟ್ಟಿಗೆಯೊಳಗೆ ಇಟ್ಟು ಕಾಯುವ ಊರೂ ಅದೇ. ಮರದಿಂದ ಮಾಡಿದ ಯಾವುದೂ ಕಲ್ಲಿನಂತೆ ತಾನೇ ತಾನಾಗಿ ಉಳಿಯದು, ಅದನ್ನು ಉಳಿಸುವುದು ಪ್ರತಿ ತಲೆಮಾರಿನ ಕೆಲಸ. ಸ್ವಿಟ್ಜರ್‌ಲೆಂಡಿನ ಲೂಸರ್ನ್ ನಗರದ ಪ್ರಸಿದ್ಧ ಚಾಪೆಲ್ ಸೇತುವೆಯನ್ನು ಕಟ್ಟಿದ್ದು ಹದಿನಾಲ್ಕನೆಯ ಶತಮಾನದಲ್ಲಿ. 1993ರ ಆಗಸ್ಟಿನಲ್ಲಿ ಅದರ ಬಹುಭಾಗ ಸುಟ್ಟುಹೋಯಿತು. ಮುಂದಿನ ವರ್ಷವೇ ದುರಸ್ತಿಯಾಗಿ ಜನ ಅದರ ಮೇಲೆ ನಡೆದರು. ನೋಡುವವರು ಕೇಳಬೇಕಾದದ್ದು ಬೇರೆ: ಮತ್ತೆ ಕಟ್ಟುವಾಗ ಹಳೆಯ ಕೀಲು, ಹಳೆಯ ಹೆಣಿಗೆಯಲ್ಲೇ ಕಟ್ಟಿದರೋ, ಅಥವಾ ಒಳಗೆ ಉಕ್ಕಿನ ತೊಲೆ ಹಾಕಿ ಹೊರಗೆ ಹಲಗೆಯ ವೇಷ ತೊಡಿಸಿದರೋ? ಮೊದಲನೆಯದಾದರೆ ವಿದ್ಯೆಯಾದರೂ ಉಳಿಯಿತು. ಎರಡನೆಯದಾದರೆ, ನನ್ನ ಮಟ್ಟಿಗೆ, ಉಳಿದದ್ದು ಚಿತ್ರ ಮಾತ್ರ.

ಪ್ರಶ್ನೆ: ನಾವು ಒಹಾಯೊದಲ್ಲಿದ್ದೇವೆ. ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮ ಇಲ್ಲೇ ಇರುತ್ತಾರೆ. ಎಲೆ ಬಣ್ಣಗಟ್ಟುವ ಕಾಲದಲ್ಲಿ ಯಾವ ಸೇತುವೆಗಳಿಗೆ ಕರೆದೊಯ್ಯಲಿ? (ಸಾಫ್ಟ್‌ವೇರ್ ಎಂಜಿನಿಯರ್, ಕೊಲಂಬಸ್)

ಉತ್ತರ: ನಿಮ್ಮ ರಾಜ್ಯದ ಈಶಾನ್ಯ ಮೂಲೆಯ ಆಷ್ಟಬ್ಯೂಲ ಕೌಂಟಿಗೆ ಹೋಗಿ. 2008ರಲ್ಲಿ ತೆರೆದ ಸ್ಮೋಲೆನ್–ಗಲ್ಫ್ ಸೇತುವೆ ಅಲ್ಲಿದೆ. 613 ಅಡಿ ಉದ್ದದ ಅದು ಅಮೆರಿಕದಲ್ಲೇ ಅತಿ ಉದ್ದದ ಚಾವಣಿ ಸೇತುವೆ. ಹಳೆಯವನ್ನೇ ಸಾಲಾಗಿ ನೋಡಬೇಕೆಂದರೆ ಇಂಡಿಯಾನಾದ ಪಾರ್ಕ್ ಕೌಂಟಿ ಉತ್ತಮ. 31 ಸೇತುವೆಗಳಿವೆ, ಅಕ್ಟೋಬರ್ ನಡುವೆ ಹತ್ತು ದಿನ ಸೇತುವೆಗಳದ್ದೇ ಜಾತ್ರೆ ನಡೆಯುತ್ತದೆ. ಜಾತ್ರೆಯ ಶನಿವಾರ ಭಾನುವಾರಗಳಲ್ಲಿ ಕಾರು ತೆವಳುತ್ತದಾದ್ದರಿಂದ, ವಯಸ್ಸಾದವರೊಂದಿಗೆ ಹೋಗುವವರಿಗೆ ವಾರದ ನಡುವಿನ ದಿನವೇ ಒಳ್ಳೆಯದು. ಸೇತುವೆ ಸಮೀಪಿಸಿದಾಗ ಎತ್ತರ ಮತ್ತು ತೂಕದ ಮಿತಿಯ ಬೋರ್ಡ್ ನೋಡಿ; ಹಳೆಯ ಸೇತುವೆಗಳಲ್ಲಿ ಸಾಮಾನ್ಯವಾಗಿ ಒಂದೇ ವಾಹನದ ಅಗಲವಿರುವುದರಿಂದ ಎದುರಿನ ವಾಹನ ಹೊರಬರುವವರೆಗೆ ಕಾಯಬೇಕು. ಕಾರಿನಲ್ಲಿ ದಾಟಿದ ಮೇಲೆ ಜಾಗ ನೋಡಿ ನಿಲ್ಲಿಸಿ, ಅಪ್ಪ ಅಮ್ಮನನ್ನು ಒಮ್ಮೆ ಕೆಳಗಿನ ಹಳ್ಳದ ಮಗ್ಗುಲಿಗೆ ಕರೆದೊಯ್ದು, ಮೇಲೆ ಕಾರು ಹೋಗುವಾಗ ಹಲಗೆಗಳು ದಡದಡನೆ ಗುಡುಗುವುದನ್ನು ಕೇಳಿಸಿ.

ಪ್ರಶ್ನೆ: ಅಮೆರಿಕದ ಒಂದು ಸೇತುವೆಯ ಫೋಟೊದಲ್ಲಿ ‘ಕುದುರೆಗಳನ್ನು ನಡೆಸಿಕೊಂಡು ಹೋಗಿ, ಇಲ್ಲವೇ ಎರಡು ಡಾಲರ್ ದಂಡ ಕೊಡಿ’ ಎಂದು ಬರೆದಿದೆ ಎಂದು ಅಣ್ಣ ಹೇಳಿದ. ಕುದುರೆ ಓಡಿದರೆ ದಂಡ ಯಾಕೆ? (ಏಳನೆಯ ತರಗತಿ ವಿದ್ಯಾರ್ಥಿನಿ, ಶಿರಸಿ)

ಉತ್ತರ: ನಿನ್ನ ಅಣ್ಣ ಹೇಳಿದ್ದು ಸರಿ, ಮಗು. ಅದು ನ್ಯೂಹ್ಯಾಂಪ್‌ಶೈರ್‌ನ ಕಾರ್ನಿಶ್‌ಗೂ ವರ್ಮಾಂಟ್‌ನ ವಿಂಡ್ಸರ್‌ಗೂ ನಡುವೆ ಕನೆಕ್ಟಿಕಟ್ ನದಿಯನ್ನು ದಾಟುವ, 1866ರಲ್ಲಿ ಕಟ್ಟಿದ ಸುಮಾರು 450 ಅಡಿ ಉದ್ದದ ಸೇತುವೆ. ನಿಮ್ಮ ಊರಿನ ಕಡೆ ತೂಗುಸೇತುವೆಯ ಮೇಲೆ ನೀನು ನಡೆದಿದ್ದರೆ ಒಂದು ಸಂಗತಿ ನಿನಗೆ ತಿಳಿದಿರುತ್ತದೆ: ಮೆಲ್ಲಗೆ ನಡೆದರೆ ಅದು ಸುಮ್ಮನಿರುತ್ತದೆ, ಹುಡುಗರು ಓಡಿದರೆ ಕುಣಿಯತೊಡಗುತ್ತದೆ. ಮರದ ಸೇತುವೆ ಅಷ್ಟು ಕುಣಿಯುವುದಿಲ್ಲ. ಆದರೆ ಭಾರದ ಗಾಡಿ ಎಳೆಯುವ ಕುದುರೆಗಳು ಓಡಿದಾಗ ಅವುಗಳ ಗೊರಸಿನ ಪೆಟ್ಟು ಒಂದೇ ಲಯದಲ್ಲಿ ಬೀಳುತ್ತದೆ. ಆ ನಡುಕಕ್ಕೆ ಗೂಟಗಳು ದಿನೇ ದಿನೇ ಸಡಿಲವಾಗುತ್ತವೆ, ಹಲಗೆಗಳು ಸವೆಯುತ್ತವೆ. ಕತ್ತಲ ಗುಹೆಯಂತಿರುವ ದಾರಿಯಲ್ಲಿ ಎದುರಿನಿಂದ ಯಾರಾದರೂ ಬಂದರೆ ತಪ್ಪಿಸಿಕೊಳ್ಳುವುದೂ ಕಷ್ಟ.

ಮೊದಲ ಉತ್ತರದಲ್ಲಿ ಹೇಳಿದ ಪರ್ಕಸಿಯ ಸೇತುವೆಯ ಬೋರ್ಡ್ ಇನ್ನೂ ಕಟ್ಟುನಿಟ್ಟು: ನಡಿಗೆಗಿಂತ ವೇಗವಾಗಿ ಹೋದವರಿಗೂ, ಒಳಗೆ ಚುಟ್ಟಾ ಸೇದಿದವರಿಗೂ ಐದು ಡಾಲರ್ ದಂಡ. ಚುಟ್ಟಾ ಯಾಕೆ ಎಂದು ನೀನು ಕೇಳುವ ಮುನ್ನವೇ ಹೇಳಿಬಿಡುತ್ತೇನೆ. ಹುಲ್ಲಿನ ಗಾಡಿಗಳು ಹಾದುಹೋಗುವಾಗ ಸೇತುವೆಯ ಸಂದಿಗೊಂದಿಗಳಲ್ಲಿ ಒಣಹುಲ್ಲು ಸಿಕ್ಕಿಕೊಳ್ಳುತ್ತಿತ್ತು. ಮಳೆ ತಾಗದಂತೆ ಚಾವಣಿ ಕಾಯ್ದ ಮರ ಎಷ್ಟು ಒಣಗಿರುತ್ತದೆಂದು ನಿನಗೆ ನಿಮ್ಮ ಅಡಿಕೆ ಅಟ್ಟ ನೋಡಿದರೆ ಗೊತ್ತಾದೀತು. ಒಂದು ಕಿಡಿ ಬಿದ್ದರೆ ಹತ್ತಿಕೊಳ್ಳಲು ಅಷ್ಟು ಸಾಕಾಗಿತ್ತು. ಆ ಬೋರ್ಡು ಸೇತುವೆಯ ಬಾಯಿಯ ಮೇಲೆ, ಒಳಗೆ ಹೊಗುವವರ ಕಣ್ಣಿಗೆ ನೇರವಾಗಿ ಬೀಳುವಂತೆ ಇರುತ್ತದೆ.